ರ‍್ಯಾಪ್ ಧ್ವನಿ ಎಲ್ಲಿ ಕೆಡುತ್ತಿದೆ? ಕಾಸರಗೋಡಿನ ಮನೆ ಸ್ಟುಡಿಯೋಗಳಿಗೊಂದು ದೋಷ ನಿವಾರಣೆ ಕೈಪಿಡಿ

"ಎಂತ ಮಾಡಿದರೂ ವೋಕಲ್ ಕ್ಲೀನ್ ಬರುವುದಿಲ್ಲ, ಯಾವ ಪ್ಲಗಿನ್ ಹಾಕಬೇಕು?" ಮನೆಯಲ್ಲಿ ರ‍್ಯಾಪ್ ರೆಕಾರ್ಡ್ ಮಾಡುವ ಹುಡುಗರು ಕೇಳುವ ಮೊದಲ ಪ್ರಶ್ನೆ ಇದು. ಪ್ಲಗಿನ್, ಅಂದರೆ ಧ್ವನಿ ತಿದ್ದುವ ಸಾಫ್ಟ್‌ವೇರ್ ಸಲಕರಣೆ, ಆಮೇಲೆ. ದೋಷ ಎಲ್ಲಿ ಹುಟ್ಟಿದೆ ಅಂತ ಗೊತ್ತಾಗದೆ ಮಿಕ್ಸ್‌ನಲ್ಲಿ (ಧ್ವನಿಯನ್ನೂ ಸಂಗೀತವನ್ನೂ ಕೂಡಿಸಿ ಹದ ಮಾಡುವಾಗ) ಮದ್ದು ಹಾಕಿದರೆ ಒಂದು ಹೋಗಿ ಎರಡಾಗುತ್ತದೆ.

ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ನಮ್ಮ ಕಡೆ ಮನೆ ಸ್ಟುಡಿಯೋ ಅಂದರೆ ಹೆಚ್ಚಾಗಿ ಒಂದು ಮಲಗುವ ಕೋಣೆ, ಒಂದು ಲ್ಯಾಪ್‌ಟಾಪ್, ಎರಡು ಇನ್‌ಪುಟ್‌ನ ಆಡಿಯೋ ಇಂಟರ್‌ಫೇಸ್ (ಮೈಕನ್ನು ಲ್ಯಾಪ್‌ಟಾಪಿಗೆ ಸೇರಿಸುವ ಪೆಟ್ಟಿಗೆ), ಒಂದು ಮೈಕು. ಇಲ್ಲಿ ಕೆಡುವುದರಲ್ಲಿ ದೊಡ್ಡ ಪಾಲು ಮನೆಯದ್ದೇ: ಕರೆಂಟು, ಗೋಡೆ, ಮಳೆ. ಮೈಕಿನ ಪಾಲು ಕಡಿಮೆ. ಹಾಗಾಗಿ ಹೊಸ ಮೈಕಿಗೆ ದುಡ್ಡು ಹಾಕುವ ಮೊದಲು ಇದನ್ನು ಓದಿ.

ಎಲ್ಲಕ್ಕೂ ಮೊದಲು ಮೂರು ಸಣ್ಣ ರೆಕಾರ್ಡಿಂಗ್ ಮಾಡಿಕೊಳ್ಳಿ. ಪ್ಲಗಿನ್ ಎಲ್ಲ ಆಫ್. ವಯರ್ ಇರುವ ಹೆಡ್‌ಫೋನ್ ಮಾತ್ರ. ಮೊದಲನೆಯದು ಖಾಲಿ ರೆಕಾರ್ಡಿಂಗ್: ಹಾಡುವಾಗ ಇಡುವಷ್ಟೇ ಗೇನ್ (ಮೈಕಿನ ಸದ್ದನ್ನು ಎತ್ತುವ ಮಟ್ಟ) ಇಟ್ಟು, ಯಾರೂ ಮಾತಾಡದೆ ಅರ್ಧ ನಿಮಿಷ. ಎರಡನೆಯದು ಒಣ ಧ್ವನಿ: ಒಂದು ಚಪ್ಪಾಳೆ, ಆಮೇಲೆ ಬೀಟ್ (ಹಿನ್ನೆಲೆ ಸಂಗೀತ) ಇಲ್ಲದೆ ಎಂಟು ಬಾರ್ (ತಾಳದ ಎಂಟು ಸುತ್ತು). ಮೂರನೆಯದು ಅದೇ ಎಂಟು ಬಾರ್, ಬೀಟ್ ಜತೆ. ಖಾಲಿಯದರಲ್ಲೇ ಸದ್ದಿದ್ದರೆ ದೋಷ ಕರೆಂಟಿನದ್ದು, ವಯರಿನದ್ದು ಅಥವಾ ಹೊರಗಿನ ಗಲಾಟೆಯದ್ದು. ಒಣ ಧ್ವನಿಯಲ್ಲಿ ಶುರುವಾದರೆ ಕೋಣೆ, ಗೇನ್, ಮೈಕಿನ ಮುಂದೆ ನಿಂತ ರೀತಿ ನೋಡಬೇಕು. ಬೀಟ್ ಬಂದ ಮೇಲೆ ಶುರುವಾದರೆ ಕಂಪ್ಯೂಟರ್ ಸೆಟ್ಟಿಂಗ್ ಅಥವಾ ಹೆಡ್‌ಫೋನ್. ಮೂರೂ ಚೆನ್ನಾಗಿದ್ದು ಕೊನೆಯ ಹಾಡು ಮಾತ್ರ ಕೆಟ್ಟಿದ್ದರೆ, ಆಗ ಮಿಕ್ಸ್ ಬಿಚ್ಚಿ.

ಯಾರೂ ಮಾತಾಡದೆ ಗುಂಯ್ ಅನ್ನುತ್ತಿದ್ದರೆ

ಹೆಡ್‌ಫೋನ್ ಹಾಕಿಕೊಂಡು, ಮೈಕ್ ಆನ್ ಇಟ್ಟು, ಒಂದೊಂದೇ ವಸ್ತು ತೆಗೆಯುತ್ತ ಬನ್ನಿ. ಮೊದಲು ಲ್ಯಾಪ್‌ಟಾಪಿನ ಚಾರ್ಜರ್ ಎಳೆಯಿರಿ. ಗುಂಯ್ ನಿಂತಿತಾ? ಹಾಗಾದರೆ ಚಾರ್ಜರ್ ಅಥವಾ ಮನೆಯ ಅರ್ಥಿಂಗ್. ನಿಲ್ಲದಿದ್ದರೆ ಫ್ಯಾನಿನ ರೆಗ್ಯುಲೇಟರ್ ಪೂರ್ತಿ ಆಫ್ ಮಾಡಿ. ತಿರುಗಿಸುವ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಕರೆಂಟಿನ ಅಲೆಯನ್ನು ತುಂಡು ಮಾಡಿ ಫ್ಯಾನಿನ ವೇಗ ಇಳಿಸುತ್ತದೆ. ಆ ತುಂಡುಗಳ ಸದ್ದು ಹತ್ತಿರದ ಮೈಕಿನ ವಯರಿಗೆ ಹಾರುತ್ತದೆ. ಅದೇ ಫ್ಯಾನನ್ನು ಪೂರ್ತಿ ವೇಗದಲ್ಲಿ ಬಿಟ್ಟರೆ ಸದ್ದು ಕಡಿಮೆಯಾಗುವುದು ಇದಕ್ಕೇ. ಆದರೆ ಗಾಳಿ ಮೈಕಿಗೆ ಹೊಡೆಯುತ್ತದೆ, ಅಂದರೆ ಹೇಗೂ ಟೇಕ್ ಹೊತ್ತಿಗೆ ಫ್ಯಾನ್ ಆಫ್. ಬೆವರು ಸುರಿಯಲಿ, ಬೇರೆ ದಾರಿ ಇಲ್ಲ. ಆಮೇಲೆ ಎಲ್‌ಇಡಿ ಲೈಟು, ಆಮೇಲೆ ಇನ್ವರ್ಟರ್, ಹೀಗೆ ಒಂದೊಂದಾಗಿ ಆಫ್ ಮಾಡಿ ನೋಡಿ.

ಕರೆಂಟು ಹೋದಾಗ ಮಾತ್ರ ಗುಂಯ್ ಜೋರಾದರೆ ಇನ್ವರ್ಟರ್‌ನ ಮೇಲೆ ಅನುಮಾನ ಪಡಿ. ಸ್ಕ್ವೇರ್ ವೇವ್ ಇನ್ವರ್ಟರ್ ಕೊಡುವ ಕರೆಂಟು ನಯವಾದ ಅಲೆಯಲ್ಲ, ಮೆಟ್ಟಿಲು ಮೆಟ್ಟಿಲಾಗಿರುತ್ತದೆ. ಆ ಹೊತ್ತಿಗೆ ಸುಲಭದ ಉಪಾಯ ಅಂದರೆ ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ಓಡಿಸುವುದು. ಸಣ್ಣ ಇಂಟರ್‌ಫೇಸ್‌ಗಳು ಹೆಚ್ಚಾಗಿ ಯುಎಸ್‌ಬಿಯಿಂದಲೇ ಕರೆಂಟು ಎಳೆಯುತ್ತವೆ. ಹಾಗಾಗಿ ಇಡೀ ಸರಪಳಿ ಗೋಡೆಯ ಕರೆಂಟಿನಿಂದ ಬಿಡಿಸಿಕೊಂಡಂತೆ. ಇದು ಬರೀ ಪರೀಕ್ಷೆಗೆ ಅಲ್ಲ, ದಿನಾ ರೆಕಾರ್ಡ್ ಮಾಡಲಿಕ್ಕೂ ನಾನು ಇದನ್ನೇ ಹೇಳುತ್ತೇನೆ.

ಇನ್ನೊಂದು ಗುರುತು ಉಂಟು. ಮೈಕಿನ ಲೋಹದ ಮೈ ಅಥವಾ ಲ್ಯಾಪ್‌ಟಾಪಿನ ಲೋಹದ ಮೈ ಮುಟ್ಟಿದಾಗ ಗುಂಯ್ ಬದಲಾದರೆ, ಅಥವಾ ಬೆರಳಿಗೆ ಜುಂ ಅಂದರೆ, ಅರ್ಥಿಂಗ್ ಸರಿ ಇಲ್ಲ. ಮುರಕಲ್ಲಿನ ನೆಲ ಮಳೆಗಾಲದಲ್ಲಿ ಎಷ್ಟು ನೀರು ಕುಡಿದರೂ ಏಪ್ರಿಲ್-ಮೇ ಹೊತ್ತಿಗೆ ಒಣಗಿರುತ್ತದೆ. ಒಣ ನೆಲದಲ್ಲಿ ಅರ್ಥಿಂಗ್ ದುರ್ಬಲವಾಗುತ್ತದೆ. "ಡಿಸೆಂಬರ್‌ನಲ್ಲಿ ಸರಿ ಇತ್ತು, ಈಗ ಎಂತಾಯಿತು" ಅನ್ನುವವರು ಮೊದಲು ಅರ್ಥಿಂಗ್ ಗುಂಡಿಗೆ ನಾಲ್ಕು ಕೊಡ ನೀರು ಹೊಯ್ದು ನೋಡಲಿ. ಕಡಿಮೆಯಾದರೆ ವಯರ್‌ಮನ್‌ನ ಕರೆದು ಇದ್ದಿಲು, ಉಪ್ಪು ಹಾಕಿಸಿ ಗುಂಡಿ ಸರಿಮಾಡಿಸಿ. ಕೆಲವರು ಗುಂಯ್ ನಿಲ್ಲಿಸಲು ಚಾರ್ಜರ್‌ನ ಮೂರನೆಯ ಪಿನ್ನನ್ನೇ ಮುರಿಯುತ್ತಾರೆ. ಸದ್ದು ನಿಲ್ಲಬಹುದು, ಆದರೆ ತುಟಿಗೆ ಮೈಕ್ ತಾಗಿಸಿ ಹಾಡುವವರಿಗೆ ಅದು ಜೀವದ ಪ್ರಶ್ನೆ. ಖಂಡಿತ ಬೇಡ.

ವಯರನ್ನೂ ನೋಡಿ. ಅಗ್ಗದ ಮೈಕಿನ ಜತೆ ಬರುವ, ಒಂದು ತುದಿಯಲ್ಲಿ ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ ದುಂಡು ಕನೆಕ್ಟರ್), ಇನ್ನೊಂದು ತುದಿಯಲ್ಲಿ ಸಣ್ಣ ಜ್ಯಾಕ್ ಇರುವ ವಯರು ಗುಂಯ್‌ನ ಒಂದು ದೊಡ್ಡ ಮೂಲ. ಎರಡೂ ತುದಿಯಲ್ಲಿ ಎಕ್ಸ್‌ಎಲ್‌ಆರ್ ಇರುವ ವಯರಿನಲ್ಲಿ ಧ್ವನಿ ಎರಡು ಎಳೆಗಳಲ್ಲಿ ಉಲ್ಟಾ-ಸುಲ್ಟಾ ಹೋಗುತ್ತದೆ. ದಾರಿಯಲ್ಲಿ ಸೇರಿದ ಗುಂಯ್ ಮಾತ್ರ ಎರಡರಲ್ಲೂ ಒಂದೇ ರೀತಿ ಇರುತ್ತದೆ. ಇಂಟರ್‌ಫೇಸ್ ಒಂದರಿಂದ ಇನ್ನೊಂದನ್ನು ಕಳೆದಾಗ ಗುಂಯ್ ಹೋಗಿ ಧ್ವನಿ ಉಳಿಯುತ್ತದೆ. ಸಣ್ಣ ಜ್ಯಾಕಿನ ವಯರಿನಲ್ಲಿ ಈ ಅನುಕೂಲ ಇಲ್ಲ. ಕಂಡೆನ್ಸರ್ ಮೈಕಿಗೆ (ಹೊರಗಿನಿಂದ ಕರೆಂಟು ಬೇಕಾದ, ಸೂಕ್ಷ್ಮ ಥರದ ಮೈಕು) ಬೇಕಾದ 48 ವೋಲ್ಟಿನ ಫ್ಯಾಂಟಮ್ ಪವರ್, ಅಂದರೆ ಮೈಕಿನ ವಯರಿನಲ್ಲೇ ಹೋಗುವ ಕರೆಂಟು ಕೂಡ ಲ್ಯಾಪ್‌ಟಾಪಿನ ಮೈಕ್ ತೂತಿನಲ್ಲಿ ಸಿಗುವುದಿಲ್ಲ. ಕೆಲವೇ ವೋಲ್ಟು ಸಿಗುತ್ತದೆ. ಧ್ವನಿ ತೀರಾ ಸಣ್ಣಗೆ ಬರುವುದಕ್ಕೆ ಇದೇ ಕಾರಣ ಇರಬಹುದು.

ಟಿಕ್-ಟಿಕ್-ಟಿರ್ರ್ ಅಂತ ತಾಳ ಹಾಕಿದ ಹಾಗೆ ಬರುವ ಸದ್ದು ಮೊಬೈಲಿನದ್ದು. ಲಿರಿಕ್ಸ್ ಓದಲು ಫೋನನ್ನು ಮೈಕಿನ ಪಕ್ಕ ಹಿಡಿಯುತ್ತಾರಲ್ಲ, ಆಗ. ಏರೋಪ್ಲೇನ್ ಮೋಡ್ ಹಾಕಿ.

ಸುಯ್ ಅನ್ನುವ ಸದ್ದು

ಗುಂಯ್ ಬೇರೆ, ಸುಯ್ ಬೇರೆ. ಸುಯ್ ಅಂದರೆ ಹೆಚ್ಚಾಗಿ ಗೇನ್ ಕೊನೆಯವರೆಗೆ ತಿರುಗಿಸಿದ್ದೀರಿ ಅಂತ ಅರ್ಥ. ಡೈನಮಿಕ್ ಮೈಕಿನಿಂದ (ಹೊರಗಿನ ಕರೆಂಟು ಬೇಡದ, ಸ್ಟೇಜಿನಲ್ಲಿ ಬಳಸುವ ಥರದ ಮೈಕು) ಒಂದಡಿ ದೂರ ನಿಂತರೆ ಹೀಗಾಗುತ್ತದೆ. ದೂರ ಅರ್ಧ ಮಾಡಿದರೆ ಧ್ವನಿ ಸುಮಾರು 6 ಡೆಸಿಬೆಲ್ ಜಾಸ್ತಿ ಸಿಗುತ್ತದೆ, ಪುಕ್ಕಟೆ. ಹತ್ತಿರ ಬಂದೂ ಸಾಲದಿದ್ದರೆ, ಮೈಕ್ ಮತ್ತು ಇಂಟರ್‌ಫೇಸ್ ನಡುವೆ ಹಾಕುವ ಸಣ್ಣ ಬೂಸ್ಟರ್ ಡಬ್ಬಿಗಳು ಸಿಗುತ್ತವೆ. ಅವು 20ರಿಂದ 25 ಡೆಸಿಬೆಲ್ ಎತ್ತಿಕೊಡುತ್ತವೆ. ಶೂರ್ ಎಸ್‌ಎಂ7ಬಿ ತರಹದ ಮೈಕ್ ತೆಗೆದುಕೊಂಡವರಿಗೆ ಇದು ಬೇಕಾಗುವುದು ಜಾಸ್ತಿ. ಅದಕ್ಕೆ ಸುಮಾರು 60 ಡೆಸಿಬೆಲ್ ಗೇನ್ ಬೇಕು, ಸಣ್ಣ ಇಂಟರ್‌ಫೇಸ್‌ಗಳು ಅಷ್ಟು ಕೊಡುವಾಗ ಏದುಸಿರು ಬಿಡುತ್ತವೆ. ಪಾಡ್‌ಕಾಸ್ಟ್ ವಿಡಿಯೋ ನೋಡಿ ಆ ಮೈಕನ್ನೇ ಮೊದಲು ಕೊಳ್ಳುವುದು ನನ್ನ ಲೆಕ್ಕದಲ್ಲಿ ತಲೆಕೆಳಗಾದ ಕೆಲಸ.

ಮಳೆಗಾಲದ ಕಾಯಿಲೆಗಳು

ಜೂನ್ ಬಂತೆಂದರೆ ಕಂಡೆನ್ಸರ್ ಮೈಕಿನಲ್ಲಿ ಚಟಪಟ ಶುರು. ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ, ಲಯವಿಲ್ಲದೆ. ವಯರು ಬದಲಿಸಿದರೂ ಹೋಗುವುದಿಲ್ಲ. ಇದು ತೇವದ ಕೆಲಸ. ಕಂಡೆನ್ಸರ್ ಮೈಕಿನ ಒಳಗಿನ ಕ್ಯಾಪ್ಸೂಲ್ ಬಹಳ ಸಣ್ಣ ವಿದ್ಯುತ್ ಚಾರ್ಜನ್ನು ಹಿಡಿದಿಟ್ಟುಕೊಂಡು ಕೆಲಸ ಮಾಡುತ್ತದೆ. ಅದರ ಸುತ್ತ ತೇವ ಕೂತರೆ ಆ ಚಾರ್ಜು ಸೋರುತ್ತದೆ, ಸೋರಿದಾಗೆಲ್ಲ ಚಟ್ ಅನ್ನುತ್ತದೆ. ಪಕ್ಕಾ ಮಾಡಿಕೊಳ್ಳಲು ಮೈಕನ್ನು ಒಂದು ದಿನ ಸಿಲಿಕಾ ಜೆಲ್ ಪೊಟ್ಟಣಗಳ ಜತೆ ಬಿಗಿಯಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಡಿ. ಸದ್ದು ಹೋದರೆ ಮೈಕ್ ಕೆಟ್ಟಿಲ್ಲ. ರಿಪೇರಿಗೆ ಕೊಡಬೇಡಿ, ಹೊಸದನ್ನೂ ತರಬೇಡಿ. ಹೇರ್ ಡ್ರೈಯರ್ ಬಿಸಿಗಾಳಿ ಬಿಡುವ ಬುದ್ಧಿವಂತಿಕೆ ಮಾತ್ರ ಬೇಡ, ಕ್ಯಾಪ್ಸೂಲಿನ ತೆಳು ಪದರ ಹಾಳಾದೀತು. ಮಳೆಗಾಲ ಪೂರ್ತಿ ಕೆಲಸ ಮುಗಿದ ಕೂಡಲೇ ಮೈಕ್ ಡಬ್ಬಿಗೆ ಹೋಗಬೇಕು. ಸ್ಟ್ಯಾಂಡಿನಲ್ಲೇ ಬಿಟ್ಟರೆ ಪಾಪ್ ಫಿಲ್ಟರಿನ ಸ್ಪಂಜಿಗೆ ಬೂಷ್ಟು ಹಿಡಿಯುತ್ತದೆ. ಡೈನಮಿಕ್ ಮೈಕಿಗೆ ಈ ಚಟಪಟದ ತೊಂದರೆ ಇಲ್ಲ. ನಮ್ಮ ಹವೆಗೆ, ನಮ್ಮ ಕೋಣೆಗಳಿಗೆ, ಮೊದಲ ಮೈಕ್ ಡೈನಮಿಕ್ ಆಗಿರಲಿ ಅನ್ನುವುದು ನನ್ನ ಅಭಿಪ್ರಾಯ.

ಇನ್ನು ಮಳೆಯ ಸದ್ದು. ಹಂಚಿನ ಮಾಡಿನ ಕೆಳಗೆ ಮಳೆ ಕೇಳಲು ಚೆಂದ, ರೆಕಾರ್ಡಿಂಗಿಗೆ ಅಲ್ಲ. ತಾರಸಿಯ ಮೇಲೆ ತಗಡಿನ ಶೀಟ್ ಹಾಕಿಸಿದ ಮನೆಯಾದರೆ ಮಾತೇ ಬೇಡ. ಸಾಮಾನ್ಯ ನಾಯ್ಸ್ ರಿಡಕ್ಷನ್ (ಗದ್ದಲ ತೆಗೆಯುವ ಪ್ಲಗಿನ್) ಅನ್ನುವುದು ಒಂದೇ ಸಮನೆ ಇರುವ ಸದ್ದನ್ನು ಗುರುತಿಸಿ ತೆಗೆಯುತ್ತದೆ. ಮಳೆ ಒಂದೇ ಸಮನೆ ಇರುವುದಿಲ್ಲ, ಏರುತ್ತದೆ, ಇಳಿಯುತ್ತದೆ. ಅದನ್ನು ತೆಗೆಯಲು ಹೋದರೆ ಧ್ವನಿ ನೀರಿನೊಳಗಿಂದ ಬಂದಂತೆ ಕೇಳುತ್ತದೆ. ಹಾಗಾಗಿ ಮಳೆ ಬಿಡುವವರೆಗೆ ಕಾಯಿರಿ, ಆ ಹೊತ್ತಿನಲ್ಲಿ ಪದ್ಯ ಬಾಯಿಪಾಠ ಮಾಡಿ.

ರಾತ್ರಿಯ ಜೀರುಂಡೆ ಇನ್ನೊಂದು ತಲೆನೋವು. ಅದರ ಕಿರ್ರ್ ಸದ್ದು ಸುಮಾರಾಗಿ ಸ, ಶ ಅಕ್ಷರಗಳು ಇರುವ ಎತ್ತರದ ಜಾಗದಲ್ಲೇ ಕೂರುತ್ತದೆ. ಅದನ್ನು ಕತ್ತರಿಸಿದರೆ ಸಕಾರಗಳೂ ಹೋಗುತ್ತವೆ. ಗೇಟ್ (ಸದ್ದು ಒಂದು ಮಟ್ಟಕ್ಕಿಂತ ಇಳಿದಾಗ ಪೂರ್ತಿ ಮುಚ್ಚುವ ಪ್ಲಗಿನ್) ಹಾಕಿದರೆ ಎರಡು ಸಾಲುಗಳ ನಡುವಿನ ಖಾಲಿಯಲ್ಲಿ ಜೀರುಂಡೆ ಇಲ್ಲ, ಸಾಲು ಶುರುವಾದ ಕೂಡಲೇ ಜೀರುಂಡೆ ಹಾಜರ್! ಇದು ಇನ್ನೂ ಕೆಟ್ಟದಾಗಿ ಕೇಳುತ್ತದೆ. ಗೇಟ್ ಬದಲು, ಪೂರ್ತಿ ಮುಚ್ಚದೆ ಸ್ವಲ್ಪ ಮಾತ್ರ ಇಳಿಸುವ ಎಕ್ಸ್‌ಪಾಂಡರ್ ಇಟ್ಟು, ಖಾಲಿ ಜಾಗದಲ್ಲಿ 8-10 ಡೆಸಿಬೆಲ್ ಮಾತ್ರ ಇಳಿಸಿ. ಉಳಿದದ್ದನ್ನು ಬೀಟ್ ಮುಚ್ಚುತ್ತದೆ. ಹಗಲು ಅಡಕೆಗೆ ಮದ್ದು ಬಿಡುವ ಪಂಪು, ಹುಲ್ಲು ಕತ್ತರಿಸುವ ಮೆಷಿನ್, ಕುಂಬಳೆ-ಉಪ್ಪಳದ ಕಡೆಯಾದರೆ ರೈಲಿನ ಹಾರ್ನ್. ಇವಕ್ಕೆಲ್ಲ ತಂತ್ರ ಇಲ್ಲ, ಹೊತ್ತು ನೋಡಿ ಹಾಡುವುದಷ್ಟೇ.

ಡಬ್ಬಿಯೊಳಗಿಂದ ಬಂದಂಥ ಧ್ವನಿ

ಇದು ಎಲ್ಲಕ್ಕಿಂತ ಸಾಮಾನ್ಯ ದೋಷ. ಇದಕ್ಕೆ ಮಾಡುವ ಮದ್ದೂ ಎಲ್ಲಕ್ಕಿಂತ ತಪ್ಪು. ಒಣ ರೆಕಾರ್ಡಿಂಗಿನ ಚಪ್ಪಾಳೆ ಕೇಳಿ. ಚಪ್ಪಾಳೆಯ ಹಿಂದೆ ಟ್ರಿಂಯ್ ಅಂತ ಲೋಹದ ಬಾಲ ಇದೆಯಾ? ಸಿಮೆಂಟ್ ಸಾರಿಸಿದ ಮುರಕಲ್ಲಿನ ಗೋಡೆ, ಟೈಲ್ಸ್ ನೆಲ, ಕಾಂಕ್ರೀಟ್ ತಾರಸಿ. ಎಲ್ಲವೂ ಗಟ್ಟಿ. ಸದ್ದು ಎರಡು ಗೋಡೆಗಳ ನಡುವೆ ಚೆಂಡಾಡುತ್ತದೆ.

ಜನ ಎಂತ ಮಾಡುತ್ತಾರೆ ಅಂದರೆ, ಮೈಕಿನ ಹಿಂದಿನ ಗೋಡೆಗೆ ಫೋಮ್ ಅಂಟಿಸುತ್ತಾರೆ. ಕಾರ್ಡಿಯಾಯ್ಡ್ ಮೈಕು ಎದುರಿನಿಂದ ಬರುವುದನ್ನು ಕೇಳುತ್ತದೆ, ಬೆನ್ನಿನ ಕಡೆ ಅದಕ್ಕೆ ಕಿವಿಯೇ ಇಲ್ಲ. ಅಂದರೆ ಮೈಕು ನೋಡುವುದು ಹಾಡುವವನನ್ನು ಮತ್ತು ಅವನ ಬೆನ್ನ ಹಿಂದಿನ ಗೋಡೆಯನ್ನು. ದಪ್ಪ ವಸ್ತು ಇರಬೇಕಾದ್ದು ಅಲ್ಲಿ, ಹಾಡುವವನ ಬೆನ್ನ ಹಿಂದೆ. ಹತ್ತಿಯ ಹಾಸಿಗೆಯೊಂದನ್ನು ನಿಲ್ಲಿಸಿ, ಗೋಡೆಗೆ ತಾಗಿಸದೆ ನಾಲ್ಕು ಬೆರಳು ಬಿಟ್ಟು. ಎರಡು ಬದಿಗೆ ದಪ್ಪ ಕಂಬಳಿ ನೇತುಹಾಕಿ. ಇಷ್ಟಕ್ಕೇ ಅರ್ಧ ಕೆಲಸ ಮುಗಿಯುತ್ತದೆ. ಮೊಟ್ಟೆಯ ಟ್ರೇ ಅಂಟಿಸುವುದರಿಂದ ಹೆಚ್ಚೇನೂ ಆಗುವುದಿಲ್ಲ, ಜಿರಲೆಗೆ ಮನೆಯಾಗುತ್ತದೆ. ಒಂದು ಇಂಚಿನ ಫೋಮ್ ಮೇಲಿನ ಚುರುಕು ಸದ್ದನ್ನು ಮಾತ್ರ ಕುಡಿಯುತ್ತದೆ, ಕೆಳಗಿನ ಗುಡುಗುಡು ಹಾಗೇ ಉಳಿದು ಧ್ವನಿ ಇನ್ನೂ ಮಂಕಾಗುತ್ತದೆ.

ಗುಡುಗುಡು ಎಲ್ಲಿಂದ ಅಂತ ಲೆಕ್ಕ ಹಾಕಬಹುದು. ಸದ್ದಿನ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಕೋಣೆಯ ಉದ್ದ 3 ಮೀಟರ್ ಇದ್ದರೆ, ಅದರ ಎರಡರಷ್ಟರಿಂದ ಭಾಗಿಸಿ: ಸುಮಾರು 57 ಹರ್ಟ್ಸ್. ಅದರ ಎರಡರಷ್ಟು 114, ಮೂರರಷ್ಟು 171. ಗಂಡಸರ ಮಾತಿನ ಧ್ವನಿ ಹೆಚ್ಚಾಗಿ ಓಡಾಡುವುದೇ ಈ ಜಾಗದಲ್ಲಿ. ಕೋಣೆಯ ಉದ್ದ, ಅಗಲ ಒಂದೇ ಆಗಿದ್ದರೆ ಎರಡು ದಿಕ್ಕಿನವೂ ಒಂದರ ಮೇಲೊಂದು ಕೂತು ಕೆಲವು ಅಕ್ಷರಗಳು ಸುಮ್ನೆ ಉಬ್ಬುತ್ತವೆ. ಇದಕ್ಕೆ ದುಡ್ಡು ಬೇಡ. ಕೋಣೆಯ ನಟ್ಟನಡುವೆ ಮತ್ತು ಮೂಲೆಯಲ್ಲಿ ನಿಲ್ಲಬೇಡಿ. ಉದ್ದದ ಮೂರನೇ ಒಂದು ಭಾಗದ ಹತ್ತಿರ ನಿಂತು, ಅರ್ಧರ್ಧ ಹೆಜ್ಜೆ ಸರಿದು ಅದೇ ಸಾಲನ್ನು ಹೇಳಿ ನೋಡಿ.

ಕೋಣೆ ಸರಿ ಮಾಡಿದ ಮೇಲೂ ಧ್ವನಿಯಲ್ಲಿ ಟೊಳ್ಳುತನ ಉಳಿದರೆ ಹತ್ತಿರದ ಗಟ್ಟಿ ವಸ್ತು ಹುಡುಕಿ: ಮೇಜು, ಲ್ಯಾಪ್‌ಟಾಪಿನ ಪರದೆ. ಧ್ವನಿ ನೇರ ಮೈಕಿಗೆ ಹೋಗುವುದಕ್ಕಿಂತ ಮೇಜಿಗೆ ಬಡಿದು ಹೋಗುವ ದಾರಿ 34 ಸೆಂಟಿಮೀಟರ್ ಉದ್ದ ಇದ್ದರೆ, 500 ಹರ್ಟ್ಸ್ ಹತ್ತಿರ ಎರಡೂ ಒಂದನ್ನೊಂದು ಕೊಲ್ಲುತ್ತವೆ. ಈಕ್ಯು (ಸದ್ದಿನ ಬೇರೆ ಬೇರೆ ಎತ್ತರದ ಭಾಗಗಳನ್ನು ಏರಿಳಿಸುವ ಪ್ಲಗಿನ್) ಹಾಕಿ ಅದನ್ನು ತುಂಬಲು ಆಗುವುದಿಲ್ಲ. ಮೇಜಿನ ಮೇಲೆ ದಪ್ಪ ಟವೆಲು ಹಾಸಿ, ಅಥವಾ ಮೇಜಿಗೆ ಬೆನ್ನು ಹಾಕಿ ನಿಲ್ಲಿ.

ಪ, ಫ, ಬ, ಭ ಬಂದಾಗ ಢಬ್

ಪಾಪ್ ಫಿಲ್ಟರ್ ಮೈಕಿಗೆ ಅಂಟಿಕೊಂಡಿದ್ದರೆ ಪ್ರಯೋಜನ ಇಲ್ಲ. ಮೈಕಿನಿಂದ ಐದಾರು ಬೆರಳು ದೂರ ಇರಲಿ. ಕಸೂತಿಯ ರಿಂಗಿಗೆ ತೆಳು ನೈಲಾನ್ ಬಟ್ಟೆ ಬಿಗಿದರೂ ನಡೆಯುತ್ತದೆ. ಅದಕ್ಕಿಂತ ಮುಖ್ಯ, ಮೈಕನ್ನು ಬಾಯಿಗೆ ನೇರ ಇಡದೆ ಸ್ವಲ್ಪ ಓರೆ ಇಡಿ. ಗಾಳಿ ನೇರ ಹೋಗಲಿ, ಸದ್ದು ಹೇಗೂ ಹರಡುತ್ತದೆ. ಸ್ಟೇಜಿನ ಅಭ್ಯಾಸದಿಂದ ಮೈಕಿನ ತಲೆಯನ್ನು ಮುಷ್ಟಿಯಲ್ಲಿ ಹಿಡಿಯುವವರಿದ್ದಾರೆ. ತಲೆಯ ಹಿಂದಿನ ತೂತುಗಳು ಮುಚ್ಚಿದರೆ ಕಾರ್ಡಿಯಾಯ್ಡ್ ಮೈಕು ನಾಲ್ಕೂ ದಿಕ್ಕಿನ ಸದ್ದು ಕೇಳಲು ಶುರು ಮಾಡುತ್ತದೆ, ಧ್ವನಿ ಮೂಗಿನದ್ದಾಗುತ್ತದೆ. ಸ್ಟ್ಯಾಂಡಿಗೆ ಹಾಕಿ, ಕೈ ಬೇಕಾದಷ್ಟು ಬೀಸಲಿ. ಆದ ಢಬ್‌ಗಳನ್ನು ಆ ಅಕ್ಷರ ಇರುವ ತುಂಡಿನಲ್ಲಿ ಮಾತ್ರ 150 ಹರ್ಟ್ಸ್ ಕೆಳಗೆ ಕತ್ತರಿಸಿ. ಇಡೀ ಹಾಡಿಗೆ ಕತ್ತರಿಸಿದರೆ ಎದೆಯ ಧ್ವನಿ ಹೋಗುತ್ತದೆ.

ಧ್ವನಿ ಒಡೆಯುವುದು

ಅಲೆಯ ಚಿತ್ರವನ್ನು ದೊಡ್ಡದು ಮಾಡಿ ನೋಡಿ. ತಲೆ ಸೊನ್ನೆ ಡೆಸಿಬೆಲ್ ಗೆರೆಗೆ ತಾಗಿ ಚಪ್ಪಟೆಯಾಗಿದ್ದರೆ ಇಂಟರ್‌ಫೇಸಿನ ಗೇನ್ ಜಾಸ್ತಿ. ಗೆರೆಯ ಕೆಳಗೇ ಚಪ್ಪಟೆಯಾಗಿದ್ದರೆ ಅದಕ್ಕಿಂತ ಮೊದಲೇ ಎಲ್ಲೋ ಒಡೆದಿದೆ: ಮೈಕಿನೊಳಗೆ, ಬೂಸ್ಟರ್ ಡಬ್ಬಿಯಲ್ಲಿ, ಅಥವಾ ಫೋನಿನ ಆ್ಯಪ್ ತಾನಾಗಿ ಹತ್ತಿಕ್ಕಿದೆ. ಎರಡೂ ಥರದಲ್ಲಿ ಸಾಫ್ಟ್‌ವೇರಿನ ಫೇಡರ್ (ಟ್ರ್ಯಾಕಿನ ಜೋರು ಏರಿಳಿಸುವ ಗುಂಡಿ) ಇಳಿಸಿ ಏನೂ ಸಿಗುವುದಿಲ್ಲ.

ಗೇನ್ ಇಡುವ ರೀತಿಯಲ್ಲೇ ತಪ್ಪಾಗುವುದು ಹೆಚ್ಚು. "ಹಲೋ ಹಲೋ" ಅಂತ ಮೆತ್ತಗೆ ಹೇಳಿ ಗೇನ್ ಇಡುತ್ತಾರೆ, ಹುಕ್ (ಮತ್ತೆ ಮತ್ತೆ ಬರುವ ಪಲ್ಲವಿ) ಬಂದಾಗ ಕಿರುಚುತ್ತಾರೆ. ಯಕ್ಷಗಾನದ ಮನೆಗಳಿಂದ ಬಂದವರಲ್ಲಂತೂ ಇದು ಗ್ಯಾರಂಟಿ. ಚೆಂಡೆಯ ಮೇಲೆ ಮಾತು ಎಸೆದು ಪಳಗಿದ ಗಂಟಲು ಅದು, ಮೆಲ್ಲನೆ ಶುರುವಾಗಿ ಎಲ್ಲಿಗೆ ಏರುತ್ತದೆ ಅಂತ ಹೇಳಲಿಕ್ಕಾಗುವುದಿಲ್ಲ. ಹಾಡಿನ ಅತಿ ಜೋರಿನ ಸಾಲನ್ನು ಪೂರ್ತಿ ದಮ್ಮು ಹಾಕಿ ಹೇಳಿಸಿ, ಅದು ಮೈನಸ್ 10 ಡೆಸಿಬೆಲ್‌ನ ಹತ್ತಿರ ನಿಲ್ಲುವಂತೆ ಗೇನ್ ಇಡಿ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿದರೆ ಕಡಿಮೆ ಮಟ್ಟದಿಂದ ಏನೂ ನಷ್ಟ ಇಲ್ಲ, ಆಮೇಲೆ ಎತ್ತಬಹುದು. ಒಡೆದ ಟೇಕನ್ನು ಸರಿಮಾಡುತ್ತ ಕೂರುವುದಕ್ಕಿಂತ ಮತ್ತೆ ಹೇಳಿಸುವುದೇ ಬೇಗ ಆಗುತ್ತದೆ.

ಪದದ ಕೊನೆಗಳು ನುಂಗಿಹೋಗುತ್ತಿದ್ದರೆ ವಿಂಡೋಸ್‌ನ ಸೌಂಡ್ ಸೆಟ್ಟಿಂಗಿನಲ್ಲಿ ಮೈಕಿನ "ಎನ್‌ಹ್ಯಾನ್ಸ್‌ಮೆಂಟ್" ಆಫ್ ಇದೆಯಾ ನೋಡಿ. ವಿಡಿಯೋ ಕಾಲಿಗೆ ಮಾಡಿದ ಆ ಸೌಕರ್ಯ ರ‍್ಯಾಪಿನ ಮೆಲು ಅಕ್ಷರಗಳನ್ನು ಗದ್ದಲ ಅಂತ ತಿಳಿದು ಅಳಿಸುತ್ತದೆ.

ಬೀಟಿಗೆ ಕೂರದ ಧ್ವನಿ

ಹಾಡುವಾಗ ನಿಮ್ಮ ಧ್ವನಿ ನಿಮಗೇ ತಡವಾಗಿ ಕೇಳಿದರೆ ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟು ಕಳಿಸುವ ಧ್ವನಿಯ ತುಂಡು) ದೊಡ್ಡದಿದೆ. 44.1 ಕಿಲೋಹರ್ಟ್ಸ್‌ನಲ್ಲಿ (ಸೆಕೆಂಡಿಗೆ 44,100 ಸ್ಯಾಂಪಲ್, ಅಂದರೆ ಧ್ವನಿಯ ಅಳತೆ) 1024 ಸ್ಯಾಂಪಲ್‌ನ ಬಫರ್ ಅಂದರೆ ಒಂದು ದಿಕ್ಕಿಗೇ 23 ಮಿಲಿಸೆಕೆಂಡು ತಡ. 128ಕ್ಕೆ ಇಳಿಸಿದರೆ 3 ಮಿಲಿಸೆಕೆಂಡಿನ ಒಳಗೆ. ತೀರಾ ಇಳಿಸಿದರೆ ಹಳೆ ಲ್ಯಾಪ್‌ಟಾಪ್ ಟಕ್ ಟಕ್ ಅನ್ನುತ್ತದೆ. ಆಗ ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರ್ ಬಟನ್ (ಧ್ವನಿಯನ್ನು ಕಂಪ್ಯೂಟರ್ ಸುತ್ತದೆ ನೇರ ಹೆಡ್‌ಫೋನಿಗೆ ಕೊಡುವುದು) ಒತ್ತಿ, ಸಾಫ್ಟ್‌ವೇರಿನ ಮಾನಿಟರ್ ಆಫ್ ಮಾಡಿ. ಎರಡೂ ಆನ್ ಇದ್ದರೆ ಧ್ವನಿ ಎರಡೆರಡು ಬಂದು ಪೈಪಿನೊಳಗೆ ಮಾತಾಡಿದ ಹಾಗಾಗುತ್ತದೆ, ಹಾಡುವವ ಗಾಬರಿಯಾಗುತ್ತಾನೆ. ಬ್ಲೂಟೂತ್ ಇಯರ್‌ಫೋನಿನಲ್ಲಿ ರೆಕಾರ್ಡ್ ಮಾಡುವ ಮಾತೇ ಇಲ್ಲ. ಅದರ ತಡ ಹೆಚ್ಚಾಗಿ 100 ಮಿಲಿಸೆಕೆಂಡಿಗೂ ಜಾಸ್ತಿ.

ಹಾಡುವಾಗ ಸರಿ ಇತ್ತು, ಆಮೇಲೆ ಬೀಟ್ ವೇಗವಾಗಿ, ಸ್ವಲ್ಪ ಎತ್ತರದ ಶ್ರುತಿಯಲ್ಲಿ ಓಡುತ್ತಿದೆ ಅಂದರೆ ಸ್ಯಾಂಪಲ್ ರೇಟ್ ಹೊಂದುತ್ತಿಲ್ಲ. 44.1ರಲ್ಲಿ ಮಾಡಿದ್ದನ್ನು 48 ಅಂತ ತಿಳಿದು ನುಡಿಸಿದರೆ ವೇಗ ಸುಮಾರು ನೂರಕ್ಕೆ 9ರಷ್ಟು ಏರುತ್ತದೆ, ಶ್ರುತಿ ಸುಮಾರು ಒಂದೂವರೆ ಸೆಮಿಟೋನ್‌ನಷ್ಟು (ಹಾರ್ಮೋನಿಯಂನಲ್ಲಿ ಪಕ್ಕಪಕ್ಕದ ಎರಡು ಮನೆಗಳ ಅಂತರ ಒಂದು ಸೆಮಿಟೋನ್). ಇಂಟರ್‌ಫೇಸ್, ಪ್ರಾಜೆಕ್ಟ್, ಬೀಟ್ ಮೂರೂ ಒಂದೇ ಸಂಖ್ಯೆಯಲ್ಲಿರಲಿ.

ಇದಕ್ಕಿಂತ ಸೂಕ್ಷ್ಮದ ದೋಷ ಇನ್ನೊಂದು. ಬೀಟಿನ ಎಂಪಿ3 ಇಳಿಸಿಕೊಂಡು ಅದಕ್ಕೆ ಹಾಡುತ್ತಾರೆ. ಆಮೇಲೆ ದುಡ್ಡು ಕೊಟ್ಟು ವೇವ್ ಫೈಲ್ ತಂದು ಅದೇ ಜಾಗದಲ್ಲಿ ಇಡುತ್ತಾರೆ. ಈಗ ಯಾಕೋ ಫ್ಲೋ (ಮಾತು ತಾಳಕ್ಕೆ ಕೂರುವ ರೀತಿ) ಸಡಿಲ, ಎಲ್ಲಿ ತಪ್ಪು ಅಂತ ತೋರಿಸಲಿಕ್ಕಾಗುವುದಿಲ್ಲ. ಎಂಪಿ3 ಮಾಡುವಾಗ ಫೈಲಿನ ಆರಂಭದಲ್ಲಿ ಒಂದಿಷ್ಟು ಮೌನ ಸೇರುತ್ತದೆ. ಸಾಮಾನ್ಯವಾಗಿ ಅದು ಸಾವಿರಕ್ಕೂ ಸ್ವಲ್ಪ ಜಾಸ್ತಿ ಸ್ಯಾಂಪಲ್, ಅಂದರೆ ಸುಮಾರು 25 ಮಿಲಿಸೆಕೆಂಡು. ಎರಡೂ ಫೈಲಿನ ಮೊದಲ ಕಿಕ್ಕನ್ನು (ಡ್ರಮ್ಮಿನ ದಪ್ಪ ಹೊಡೆತ) ದೊಡ್ಡದು ಮಾಡಿ ಒಂದರ ಕೆಳಗೊಂದು ಹೊಂದಿಸಿ. ಧ್ವನಿಯನ್ನು ಮುಟ್ಟಬೇಡಿ, ಬೀಟನ್ನು ಸರಿಸಿ.

ಹಳೆ ಬೀಟಿನ ದೆವ್ವ ಧ್ವನಿಯ ಟ್ರ್ಯಾಕಿನಲ್ಲಿ ಸಣ್ಣಗೆ ಕೇಳುತ್ತಿದ್ದರೆ ಅದು ಹೆಡ್‌ಫೋನಿನಿಂದ ಸೋರಿದ್ದು. ಒಂದು ಕಿವಿ ತೆರೆದಿಟ್ಟು ಹಾಡುವವರು ಆ ಬದಿಯ ಸದ್ದನ್ನು ಪೂರ್ತಿ ಇಳಿಸಲಿ.

ಮಿಕ್ಸ್‌ನಲ್ಲಿ ಹುಟ್ಟುವ ದೋಷಗಳು

ಧ್ವನಿ ಬೀಟಿನೊಳಗೆ ಮುಳುಗಿದೆ ಅಂತ ಧ್ವನಿ ಏರಿಸುತ್ತ ಹೋದರೆ ಮಾಸ್ಟರ್ (ಎಲ್ಲ ಸೇರಿದ ಕೊನೆಯ ಟ್ರ್ಯಾಕ್) ಮೀಟರ್ ಕೆಂಪಾಗುತ್ತದೆ. ಇಂಟರ್ನೆಟ್ಟಿನಲ್ಲಿ ಸಿಗುವ ಬೀಟುಗಳು ಹೆಚ್ಚಾಗಿ ಮಾಸ್ಟರ್ ಮಾಡಿ, ಸೊನ್ನೆಯವರೆಗೆ ತುಂಬಿಸಿ ಬಂದಿರುತ್ತವೆ. ಧ್ವನಿಗೆ ಜಾಗವೇ ಇಲ್ಲ. ಬೀಟನ್ನು 6 ಡೆಸಿಬೆಲ್ ಇಳಿಸಿ, ಅಲ್ಲಿಂದ ಶುರು ಮಾಡಿ. ಆಮೇಲೂ ಮಾತು ಸ್ಪಷ್ಟ ಇಲ್ಲದಿದ್ದರೆ ಬೀಟಿನಲ್ಲಿ 2ರಿಂದ 4 ಕಿಲೋಹರ್ಟ್ಸ್ ಜಾಗವನ್ನು ಎರಡು ಡೆಸಿಬೆಲ್‌ನಷ್ಟು ತಗ್ಗಿಸಿ. ಧ್ವನಿಯಲ್ಲಿ ಅದೇ ಜಾಗವನ್ನು ಏರಿಸುವುದಕ್ಕಿಂತ ಇದು ಒಳ್ಳೆಯದು, ಕಿವಿಗೆ ಚುಚ್ಚುವುದಿಲ್ಲ. ಧ್ವನಿ ಮಂಕಾಗಿದ್ದರೆ 200ರಿಂದ 400 ಹರ್ಟ್ಸ್ ನಡುವೆ ಹುಡುಕಿ ಸ್ವಲ್ಪ ತೆಗೆಯಿರಿ. ಮೈಕಿಗೆ ಹತ್ತಿರ ನಿಂತಷ್ಟೂ ಕೆಳಗಿನ ಸದ್ದು ಉಬ್ಬುವುದು ಡೈರೆಕ್ಷನಲ್ ಮೈಕುಗಳ ಗುಣ.

ಕಂಪ್ರೆಸರ್ (ಜೋರಿನ ಸದ್ದನ್ನು ತಗ್ಗಿಸಿ ಧ್ವನಿಯನ್ನು ಸಮ ಮಾಡುವ ಪ್ಲಗಿನ್) ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಇಂಗ್ಲಿಷ್ ರ‍್ಯಾಪಿಗೆ ಮಾಡಿದ ಪ್ರಿಸೆಟ್ (ಮೊದಲೇ ಮಾಡಿಟ್ಟ ಸೆಟ್ಟಿಂಗ್) ಹಾಕಿದಾಗ ಕನ್ನಡದ ಧ್ವನಿ ಹಲ್ಲು ಕಿತ್ತ ಹಾಗೆ ಕೇಳುವುದಕ್ಕೆ ಒಂದು ಕಾರಣ ನಮ್ಮ ಒತ್ತಕ್ಷರಗಳು. ಅಕ್ಕ, ಹತ್ತು, ಕಟ್ಟು, ತಪ್ಪು. ಇವುಗಳಲ್ಲಿ ಮೊದಲು ಒಂದು ಸಣ್ಣ ಮೌನ, ಆಮೇಲೆ ಪಟ್ ಅಂತ ಸಿಡಿತ. ರ‍್ಯಾಪಿನ ಹೊಡೆತ ಇರುವುದೇ ಆ ಸಿಡಿತದಲ್ಲಿ. ಅಟ್ಯಾಕ್ (ಕಂಪ್ರೆಸರ್ ಹಿಡಿಯಲು ತೆಗೆದುಕೊಳ್ಳುವ ಹೊತ್ತು) ಒಂದು ಮಿಲಿಸೆಕೆಂಡಿಗಿಂತ ಕಡಿಮೆ ಇದ್ದರೆ ಕಂಪ್ರೆಸರ್ ಸಿಡಿತವನ್ನೇ ಚಪ್ಪಟೆ ಮಾಡುತ್ತದೆ. 5ರಿಂದ 15 ಮಿಲಿಸೆಕೆಂಡು ಕೊಡಿ, ಸಿಡಿತ ದಾಟಿಹೋಗುತ್ತದೆ, ಹಿಂದಿನ ಸ್ವರ ಮಾತ್ರ ಹಿಡಿತಕ್ಕೆ ಬರುತ್ತದೆ. ರಿಲೀಸ್ (ಹಿಡಿತ ಬಿಡುವ ಹೊತ್ತು) ತೀರಾ ಬೇಗ ಇದ್ದರೆ ಆ ಸಣ್ಣ ಮೌನದಲ್ಲಿ ಕೋಣೆಯ ಸದ್ದು ಉಕ್ಕುತ್ತದೆ. ಗೇಟ್ ಬಿಗಿಯಾಗಿದ್ದರೆ ಮೌನದಲ್ಲಿ ಬಾಗಿಲು ಮುಚ್ಚಿ, ಸಿಡಿತದ ತುದಿ ಕತ್ತರಿಸಿಹೋಗುತ್ತದೆ. ಪರೀಕ್ಷೆ ಸುಲಭ: ಒತ್ತಕ್ಷರ ತುಂಬಿದ ಒಂದು ಸಾಲನ್ನು ಸುತ್ತಿಸುತ್ತ, ಕಂಪ್ರೆಸರ್ ಆನ್-ಆಫ್ ಮಾಡಿ, ಎರಡರ ಜೋರನ್ನೂ ಸಮ ಇಟ್ಟು ಕೇಳಿ. ಆನ್ ಮಾಡಿದಾಗ ತಲೆ ಆಡುವುದು ನಿಂತರೆ ಸೆಟ್ಟಿಂಗ್ ತಪ್ಪು.

ನಮ್ಮ ಪದಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುತ್ತವೆ. ವೇಗದಲ್ಲಿ ಆ ಕೊನೆಯ ಸ್ವರ ಉಸಿರಿನ ಜತೆ ಇಳಿದುಹೋಗುತ್ತದೆ. ಇದನ್ನು ಒಂದೇ ಕಂಪ್ರೆಸರಿಗೆ ಬಿಡಬೇಡಿ. ಮೊದಲು ಕೈಯಿಂದಲೇ ಸಾಲಿನ ಕೊನೆಗಳನ್ನು ಎರಡು ಮೂರು ಡೆಸಿಬೆಲ್ ಎತ್ತಿ, ಆಮೇಲೆ ಎರಡು ಕಂಪ್ರೆಸರಿಗೆ ಕೆಲಸ ಹಂಚಿ, ತಲಾ 3-4 ಡೆಸಿಬೆಲ್. ಬೇಸರದ ಕೆಲಸ, ಆದರೆ ಇದರಷ್ಟು ಫಲ ಕೊಡುವುದು ಬೇರೆ ಇಲ್ಲ.

ಡಿ-ಎಸ್ಸರ್ (ಸ, ಶ ಥರದ ಅಕ್ಷರಗಳ ಚುಚ್ಚು ಇಳಿಸುವ ಪ್ಲಗಿನ್) ಹಾಕಿದರೂ ಕೆಲವು ಅಕ್ಷರ ಚುಚ್ಚುತ್ತಿದೆಯಾ? ಸ ಇರುವುದು ಹೆಚ್ಚಾಗಿ 5 ಕಿಲೋಹರ್ಟ್ಸ್ ಮೇಲೆ, ಶ ಮತ್ತು ಚ ಅದಕ್ಕಿಂತ ಕೆಳಗೆ, 3-4ರ ಸುತ್ತ. ಒಂದಕ್ಕೆ ಹೊಂದಿಸಿದ ಡಿ-ಎಸ್ಸರ್ ಇನ್ನೊಂದನ್ನು ಬಿಟ್ಟುಬಿಡುತ್ತದೆ. ಎರಡು ಹಾಕಿ, ಎರಡೂ ಹಗುರವಾಗಿ. ಒಂದೇ ಪದ್ಯದಲ್ಲಿ ಕನ್ನಡ, ತುಳು, ಮಲಯಾಳ ಬೆರೆಸಿ ಹೇಳುವವರಿದ್ದರೆ ಪ್ರತಿ ಭಾಷೆಯ ಸಾಲನ್ನೂ ಬೇರೆಯಾಗಿ ಕೇಳಿ ನೋಡಿ. ಭಾಷೆ ಬದಲಾದಾಗ ಬಾಯಿ ತೆರೆಯುವ ರೀತಿ, ಜೋರು ಎರಡೂ ಬದಲಾಗುತ್ತವೆ.

ಆಟೋಟ್ಯೂನ್ (ಶ್ರುತಿ ತಿದ್ದುವ ಪ್ಲಗಿನ್) ವಿಚಿತ್ರವಾಗಿ ಅಳುತ್ತಿದ್ದರೆ ಬೀಟಿನ ಕೀ (ಅದರ ಸ್ವರಶ್ರೇಣಿ) ತಪ್ಪು ಹಾಕಿದ್ದೀರಿ. ಅಷ್ಟೇ.

ಫೋನಿನಲ್ಲಿ ಧ್ವನಿಯೇ ಮಾಯ

ಹೆಡ್‌ಫೋನಿನಲ್ಲಿ ದೊಡ್ಡದಾಗಿ ಹರಡಿ ಕೇಳುತ್ತಿತ್ತು, ಫೋನಿನ ಸ್ಪೀಕರಿನಲ್ಲಿ ಅಥವಾ ಸ್ಟೇಜಿನ ಸೌಂಡ್ ಬಾಕ್ಸಿನಲ್ಲಿ ಹುಕ್ ಸಣ್ಣದಾಯಿತು. ಎಡ-ಬಲ ಎರಡೂ ಸೇರಿ ಒಂದಾದಾಗ ಪರಸ್ಪರ ಕಳೆದುಹೋಗುವುದು ಇದಕ್ಕೆ ಕಾರಣ. ಮಾಸ್ಟರಿನಲ್ಲಿ ಮೋನೋ ಬಟನ್ ಒತ್ತಿ ಕೇಳಿ. ಧ್ವನಿ ಇಳಿದರೆ ಸ್ಟೀರಿಯೋ ವೈಡ್ನರ್ (ಧ್ವನಿಯನ್ನು ಎಡ-ಬಲಕ್ಕೆ ಹರಡುವ ಪ್ಲಗಿನ್) ತೆಗೆಯಿರಿ. ಡಬಲ್ (ಅದೇ ಸಾಲಿನ ಎರಡನೆಯ ಪದರ) ಬೇಕಾದರೆ ಒಂದೇ ಟೇಕನ್ನು ನಕಲು ಮಾಡಿ ಸರಿಸಬೇಡಿ, ಮತ್ತೊಮ್ಮೆ ಹಾಡಿಸಿ. ಎರಡು ಸಲ ಹಾಡಿದ್ದು ಎಂದೂ ಪೂರ್ತಿ ಒಂದೇ ಆಗುವುದಿಲ್ಲ, ಹಾಗಾಗಿ ಕಳೆದುಹೋಗುವುದೂ ಇಲ್ಲ.

ಒಬ್ಬರ ಹೆಡ್‌ಫೋನಿನಲ್ಲಿ ಮಾತ್ರ ಬೀಟ್ ಇದೆ, ಧ್ವನಿ ಇಲ್ಲ ಅಂದರೆ ಮಿಕ್ಸ್ ಮುಟ್ಟಬೇಡಿ. ಜ್ಯಾಕ್ ಪೂರ್ತಿ ಒಳಗೆ ಹೋಗಿಲ್ಲ. ಗ್ರೌಂಡ್ ತಾಗದಿದ್ದರೆ ಎಡ-ಬಲಗಳ ವ್ಯತ್ಯಾಸ ಮಾತ್ರ ಕೇಳುತ್ತದೆ, ನಡುವೆ ಇರುವ ಧ್ವನಿ ಹೋಗುತ್ತದೆ.

ಕೊನೆಗೆ, ಅಪ್‌ಲೋಡ್ ಮಾಡಿದ ಮೇಲೆ ಹಾಡು ಬೇರೆಯವರದ್ದಕ್ಕಿಂತ ಸಪ್ಪೆ ಕೇಳುವ ದೂರು. ಸ್ಪಾಟಿಫೈ ಸಾಮಾನ್ಯವಾಗಿ ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಸರಾಸರಿ ಜೋರಿನ ಅಳತೆ) ಸುತ್ತಮುತ್ತ ಹಾಡುಗಳ ಜೋರನ್ನು ಸಮ ಮಾಡುತ್ತದೆ. ಲಿಮಿಟರ್‌ನಲ್ಲಿ (ಸದ್ದು ಒಂದು ಗೆರೆ ದಾಟದಂತೆ ಒತ್ತುವ ಪ್ಲಗಿನ್) ಹಿಂಡಿ ಮೈನಸ್ 6ಕ್ಕೆ ತಂದರೆ ಅವರು ಇಳಿಸುತ್ತಾರೆ, ಹಿಂಡಿದ ಸಪ್ಪೆತನ ಮಾತ್ರ ಉಳಿಯುತ್ತದೆ. ಟ್ರೂ ಪೀಕ್ (ಅಲೆಯ ನಿಜವಾದ ತುತ್ತತುದಿ) ಮೈನಸ್ 1 ಡೆಸಿಬೆಲ್‌ನಲ್ಲಿ ನಿಲ್ಲಿಸಿ. ಗೆಳೆಯರಿಗೆ ಕೇಳಿಸಲು ವಾಟ್ಸ್ಆ್ಯಪಿನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಅಂತಲೇ ಕಳಿಸಿ. ಸ್ಪೀಕರಿನಿಂದ ನುಡಿಸಿ ವಾಯ್ಸ್ ಮೆಸೇಜ್ ಮಾಡಿ ಕಳಿಸಿದರೆ, "ಸ ಅಕ್ಷರ ಸರಿ ಇಲ್ಲ" ಅಂತ ಅವರು ಹೇಳುವುದು ನಿಮ್ಮ ಮಿಕ್ಸಿನ ಬಗ್ಗೆ ಅಲ್ಲ.